ಮಿಲಿಸೆಕೆಂಡು ಅಳೆಯಲು ವೆಸ್ಟೆರೋಸಿಗೆ

ಹಿರಿಯೂರು ಬಸ್ ಸ್ಟ್ಯಾಂಡು

ಚಿತ್ರದುರ್ಗದಿಂದ ಬೆಂಗಳೂರಿಗೆ ಹೊರಟ ಬಸ್ಸು ಹಿರಿಯೂರಿನಲ್ಲಿ ಹತ್ತು ನಿಮಿಷ ನಿಂತಿತು. ಆ ಹತ್ತು ನಿಮಿಷಕ್ಕಾಗಿ ನನ್ನ ಸೋದರತ್ತೆ ಪುಟ್ಟಕ್ಕ ಶ್ರೀರಾಂಪುರದಿಂದ ಎರಡು ಬಸ್ಸು ಹತ್ತಿಳಿದು ಬಂದಿದ್ದರು. ಕಿಟಕಿಯ ಕೆಳಗೆ ನಿಂತು ಒಂದು ಬಟ್ಟೆ ಗಂಟನ್ನು ಮೇಲಕ್ಕೆ ಚಾಚಿದರು. ಒಳಗೆ ಆ ವಾರವಷ್ಟೇ ಕತ್ತರಿಸಿದ ಕರಿ ಕುರಿಯ ಉಣ್ಣೆ.

“ಅಲ್ಲಿಯೋರಿಗೆ ತೋರ್ಸು. ನಮ್ಮ ಉಣ್ಣೆ ಹೆಂಗೈತೆ ಅಂತ ಅವ್ರೂ ಮುಟ್ಟಿ ನೋಡ್ಲಿ.”

“ಅತ್ತೆ, ನಾನು ಹೋಗ್ತಿರೋದು ಕಂಪ್ಯೂಟರ್ ಪ್ರೋಗ್ರಾಂ ವಿಷಯ ಕಲಿಯಾಕೆ.”

“ಪ್ರೋಗ್ರಾಂ ಮಾಡೋರು ಚಳಿಗೆ ಏನೂ ಹೊದ್ಕಳಲ್ವೇನು?”

ಗಂಟು ತೆಗೆದುಕೊಂಡು ಬ್ಯಾಗಿಗೆ ತುರುಕಿದೆ.

ನಾನು ಚಿತ್ರದುರ್ಗದ ಪಾಲಿಟೆಕ್ನಿಕ್ ಒಂದರಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತೇನೆ. ನಮ್ಮದು ಹೊಸದುರ್ಗದ ಕಡೆಯ ಕುರಿ ಸಾಕುವ ಮನೆತನ. ಅತ್ತೆ ಮತ್ತು ಊರಿನ ಹನ್ನೆರಡು ಹೆಂಗಸರು ಸೇರಿ ಕಂಬಳಿಯ ಉಣ್ಣೆ ಹಿಂಜುವ ಯಂತ್ರವೊಂದನ್ನು ತರಿಸಿದ್ದರು. ಮುಳ್ಳು ತುಂಬಿದ ಎರಡು ಉರುಳೆಗಳ ನಡುವೆ ಉಣ್ಣೆ ಕೊಟ್ಟರೆ ಆ ಕಡೆಯಿಂದ ಹೂವಿನಂತೆ ಬಿಡಿಬಿಡಿಯಾಗಿ ಬರುತ್ತದೆ. ಕೊಡುವ ಕೈ ಮುಳ್ಳಿಗೆ ಸಿಗಬಾರದಲ್ಲ, ಅದಕ್ಕೆ ನಾನೂ ನಮ್ಮ ಲ್ಯಾಬಿನ ತಿಪ್ಪೇಸ್ವಾಮಿಯವರೂ ಸೇರಿ ಒಂದು ಏರ್ಪಾಡು ಮಾಡಿದ್ದೆವು. ಯಂತ್ರದ ಬಾಯಿಯ ಮುಂದೆ ಕಣ್ಣಿಗೆ ಕಾಣದ ಬೆಳಕಿನ ಗೆರೆ. ಕೈ ಅದನ್ನು ದಾಟಿದ ಕೂಡಲೇ ಅಂಗೈಯಗಲದ ಕಂಪ್ಯೂಟರ್ ಬೋರ್ಡು ಬ್ರೇಕ್ ಹಾಕುತ್ತದೆ. ಬೆಳಕು ಕಡಿದಿದೆಯೇ ಎಂದು ಸೆಕೆಂಡಿಗೆ ನೂರು ಸಲ ನೋಡುವುದು ಆ ಬೋರ್ಡಿನ ಪ್ರೋಗ್ರಾಮಿನ ಕೆಲಸ.

ಸೆಕೆಂಡನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಮಿಲಿಸೆಕೆಂಡು. ಕೈ ಮುಳ್ಳಿನ ಹತ್ತಿರ ಹೋಗುವ ಮೊದಲು, ಐವತ್ತು ಮಿಲಿಸೆಕೆಂಡಿನೊಳಗೆ ಬ್ರೇಕ್ ಬೀಳಬೇಕು. ನಮ್ಮದು ಹದಿನೈದರೊಳಗೇ ಬೀಳುತ್ತಿತ್ತು. ಹೀಗೆ ಗೊತ್ತುಮಾಡಿದ ಹೊತ್ತಿನೊಳಗೆ ಕೆಲಸ ಮುಗಿಸಲೇಬೇಕಾದ ಪ್ರೋಗ್ರಾಮುಗಳ ಹೊತ್ತನ್ನು ಅಳೆಯುವುದು ಹೇಗೆಂದು ಕಲಿಸುವ ಎರಡು ವಾರದ ತರಬೇತಿ ಸ್ವೀಡನ್ನಿನಲ್ಲಿ ಇತ್ತು. ನಮ್ಮ ಉಣ್ಣೆ ಯಂತ್ರದ ಕಥೆ ಬರೆದು ಅರ್ಜಿ ಹಾಕಿದ್ದಕ್ಕೆ ನನ್ನನ್ನು ಕರೆದಿದ್ದರು. ಹೊರಡುವ ಮುಂಚೆ ಯಂತ್ರ ಸುರಕ್ಷಿತ ಎಂದು ವರದಿ ಬರೆದು ಸಹಿ ಹಾಕಿ ಕೊಟ್ಟಿದ್ದೆ. ನಾನು ಅಲ್ಲಿರುವಾಗಲೇ, ಎರಡನೆಯ ಸೋಮವಾರ, ಅತ್ತೆಯವರು ಅದನ್ನು ಶುರು ಮಾಡುವವರಿದ್ದರು.

ಸುಂಕದ ಕಟ್ಟೆ

ಯಂತ್ರಕ್ಕೆ ಹಾಕಿದ ಬೋರ್ಡಿನಂಥದೇ ಇನ್ನೊಂದನ್ನು ಟವೆಲ್ಲಿನಲ್ಲಿ ಸುತ್ತಿ ಸ್ಟೀಲ್ ಊಟದ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೆ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಡಬ್ಬಿಯೊಳಗೆ ವೈರುಗಳನ್ನು ಕಂಡು ಮೂರು ಜನ ಬಂದು ನಿಂತರು. ಉಣ್ಣೆ ಹಿಂಜುವ ಯಂತ್ರದ ಬ್ರೇಕು ಎಂದು ನಾನು ವಿವರಿಸಿದಷ್ಟೂ ಅವರ ಹುಬ್ಬು ಮೇಲೇರಿತು. ಕೊನೆಗೆ ಅವರಲ್ಲಿ ಒಬ್ಬರು, “ಯಾವ ಊರು ಮೇಡಂ?” ಎಂದರು. ಹೊಸದುರ್ಗದ ಕಡೆ ಎಂದೆ. ತಮ್ಮದು ಹೊಳಲ್ಕೆರೆ ಎಂದು ಹೇಳಿ, ಎಲ್ಲವನ್ನೂ ಇನ್ನೊಮ್ಮೆ ತಪಾಸಣೆ ಮಾಡಿಯೇ ಬಿಟ್ಟರು. ಊರಿನವರು ಎಂದು ಒಂದು ವೈರನ್ನೂ ನೋಡದೆ ಬಿಡಲಿಲ್ಲ.

ಸ್ಟಾಕ್‌ಹೋಮಿನಲ್ಲಿ ಸಿಕ್ಕಿಬಿದ್ದದ್ದು ಉಣ್ಣೆ. ತೊಳೆಯದ ಉಣ್ಣೆ ತರಬಾರದೆಂಬ ಸೂಚನೆಯ ಚಿತ್ರವನ್ನು ಗೋಡೆಯ ಮೇಲೆ ಕಂಡು ನಾನೇ ಹೋಗಿ ಹೇಳಿದೆ. ಎತ್ತರದ ಅಧಿಕಾರಿಣಿ ಕೈಗವಸು ಹಾಕಿಕೊಂಡು ಗಂಟು ಬಿಚ್ಚಿದರು. ಕುರಿಗಳ ರೋಗ ಬರಬಾರದೆಂದು ಈ ನಿಯಮ, ಬೇಜಾರು ಮಾಡಿಕೊಳ್ಳಬೇಡಿ ಎಂದರು. ಆಮೇಲೆ ಬೆರಳಲ್ಲಿ ಒಂದು ಎಳೆ ಎತ್ತಿ ದೀಪಕ್ಕೆ ಹಿಡಿದು, “ಬಣ್ಣ ಹಾಕಿಲ್ಲವೇ? ಹುಟ್ಟಿದ್ದೇ ಇಷ್ಟು ಕಪ್ಪೇ?” ಎಂದು ಕೇಳಿದರು. ಹೌದೆಂದೆ. ಗಂಟನ್ನು ಕಸದ ಡಬ್ಬಕ್ಕೆ ಎಸೆಯದೆ ಒಂದು ಚೀಲಕ್ಕೆ ಹಾಕಿ, ಚೀಟಿ ಅಂಟಿಸಿ ಬದಿಗಿಟ್ಟರು. ಸುಡಲಿಕ್ಕೇ ಇಟ್ಟಿದ್ದು, ನನಗೆ ಗೊತ್ತು. ಆದರೂ ಇಟ್ಟ ರೀತಿ ಚೆನ್ನಾಗಿತ್ತು. ಅತ್ತೆಗೆ ಫೋನು ಮಾಡಿ, ಮುಟ್ಟಿ ನೋಡಿದರು ಎಂದಷ್ಟೇ ಹೇಳಿದೆ.

ವೆಸ್ಟೆರೋಸ್, ಮೊದಲ ದಿನಗಳು

ಸ್ಟಾಕ್‌ಹೋಮಿನಿಂದ ರೈಲಿನಲ್ಲಿ ಒಂದು ತಾಸು. ದೊಡ್ಡ ಸರೋವರದ ದಡದ ಊರು. ಮಾರ್ಚ್ ತಿಂಗಳಾದರೂ ನೀರು ಇನ್ನೂ ಹೆಪ್ಪುಗಟ್ಟಿತ್ತು. ಪಾದಚಾರಿ ದಾರಿಯಲ್ಲಿ ಜಾರಬಾರದೆಂದು ಸಣ್ಣ ಜಲ್ಲಿ ಹರಡಿರುತ್ತಾರೆ. ಜಲ್ಲಿ ಇಲ್ಲದ ಒಂದೇ ಒಂದು ಜಾಗ ಹುಡುಕಿಕೊಂಡು ನಾನು ಬಿದ್ದೆ. ಎತ್ತಲು ಇಬ್ಬರು ಓಡಿಬಂದರು. ಎತ್ತಿ ನಿಲ್ಲಿಸಿ, ಏಟಾಯಿತೇ ಎಂದು ಕೇಳಿ, ಒಂದು ಮಾತು ಹೆಚ್ಚು ಆಡದೆ ಹೊರಟುಹೋದರು. ನಮ್ಮಲ್ಲಾಗಿದ್ದರೆ ಎತ್ತಿದವರು ನನ್ನ ತವರು, ಸಂಬಳ ಎಲ್ಲ ಕೇಳಿ, ಕಾಫಿ ಕುಡಿಸಿ ಕಳಿಸುತ್ತಿದ್ದರು.

ನಮಗೆ ಕಲಿಸುವವರ ಹೆಸರು ಬ್ರಿಟಾ. ಅರವತ್ತರ ಹತ್ತಿರದ ಹೆಂಗಸು. ಆ ಜಾರುವ ದಾರಿಯಲ್ಲೇ ಸೈಕಲ್ ತುಳಿದುಕೊಂಡು ಬರುತ್ತಾರೆ. ಪ್ರಯೋಗಶಾಲೆಯ ಬಾಗಿಲಲ್ಲಿ ಬೂಟು ಬಿಚ್ಚಿ, ತಾವೇ ಹೆಣೆದ ದಪ್ಪ ಕಾಲುಚೀಲದಲ್ಲಿ ಓಡಾಡುತ್ತಾರೆ. ಚಪ್ಪಲಿ ಹೊರಗೆ ಬಿಡುವುದು ನಮ್ಮ ಕಡೆಯ ಅಭ್ಯಾಸ ಎಂದುಕೊಂಡಿದ್ದ ನನಗೆ ಮನೆಗೆ ಬಂದಂತಾಯಿತು. ಬೆಳಿಗ್ಗೆ ಹತ್ತಕ್ಕೆ ಮತ್ತು ಮಧ್ಯಾಹ್ನ ಮೂರಕ್ಕೆ ಎಲ್ಲರೂ ಎದ್ದು ಹೋಗಿ ಒಂದೇ ಮೇಜಿನಲ್ಲಿ ಕಾಫಿ ಕುಡಿಯುತ್ತಾರೆ. ಮುಖ್ಯಸ್ಥರೂ ತಮ್ಮ ಲೋಟ ತಾವೇ ತೊಳೆಯುತ್ತಾರೆ. ಲೋಟವೆಂದರೆ ನಮ್ಮ ಚೊಂಬಿನ ಅರ್ಧ.

ವಸತಿಗೃಹದಲ್ಲಿ ಬಟ್ಟೆ ಒಗೆಯುವ ಕೋಣೆ ಖಾಲಿ ಇದೆಯೆಂದು ಹೋಗಿ ಮಷೀನಿಗೆ ಬಟ್ಟೆ ಹಾಕಿ ಬಂದೆ. ಮರುದಿನ ಬಾಗಿಲಿಗೆ ಮುದ್ದಾದ ಅಕ್ಷರದ ಸ್ವೀಡಿಷ್ ಚೀಟಿ ಅಂಟಿಸಿದ್ದರು. ಹೊಸಬಳಿಗೆ ಸ್ವಾಗತ ಕೋರಿದ್ದಾರೆಂದು ಸಂತೋಷದಿಂದ ಬ್ರಿಟಾಗೆ ತೋರಿಸಿದೆ. ಅವರು ಓದಿ, “ನಿಮ್ಮ ಪಕ್ಕದ ಮನೆಯವರಿಗೆ ತುಂಬ ಸಿಟ್ಟು ಬಂದಿದೆ” ಎಂದರು. ಅಲ್ಲಿ ಒಗೆಯಲು ಮುಂಚೆಯೇ ಹೊತ್ತು ಬರೆದಿಡಬೇಕು. ನಾನು ಅವರ ಹೊತ್ತನ್ನು ನುಂಗಿದ್ದೆ.

“ನಮ್ಮ ಪಾಠವೂ ಇಷ್ಟೇ” ಎಂದರು ಬ್ರಿಟಾ. “ಒಂದೇ ಮಷೀನು, ಹತ್ತು ಮನೆ. ಒಂದು ಬಟ್ಟೆ ಒಗೆಯಲು ಎಷ್ಟು ಹೊತ್ತು ಬೇಕು ಎನ್ನುವುದು ಒಂದು ಪ್ರಶ್ನೆ. ನಿಮ್ಮ ಬಟ್ಟೆ ಕೈಗೆ ಬರಲು ಎಷ್ಟು ಹೊತ್ತು ಎನ್ನುವುದು ಇನ್ನೊಂದು.”

ಬೋರ್ಡಿನೊಳಗೂ ಹಾಗೆಯೇ. ಬೆಳಕು ನೋಡುವ ಕೆಲಸ, ಉಣ್ಣೆ ತೂಗುವ ಕೆಲಸ, ತೂಕ ತೋರಿಸುವ ಕೆಲಸ, ಅದನ್ನು ಮೆಮೊರಿ ಕಾರ್ಡಿಗೆ ಬರೆಯುವ ಕೆಲಸ. ಎಲ್ಲಕ್ಕೂ ಒಂದೇ ಮಿದುಳು. ಬ್ರೇಕಿನ ಕೆಲಸ ತನ್ನ ಪಾಡಿಗೆ ಒಂದು ಮಿಲಿಸೆಕೆಂಡಿನಲ್ಲಿ ಮುಗಿಯಬಹುದು. ಅದರ ಸರದಿ ಬರುವವರೆಗೆ ಕಾಯುವ ಹೊತ್ತನ್ನೂ ಅಳೆಯಬೇಕು.

ಬ್ರಿಟಾ ಅಳೆಯುವುದನ್ನು ನೋಡುವುದೇ ಒಂದು ಖುಷಿ. ಪ್ರೋಗ್ರಾಮಿನ ಒಂದು ಕೆಲಸ ಶುರುವಾದಾಗ ಬೋರ್ಡಿನಿಂದ ಚಾಚಿದ ಲೋಹದ ಕಾಲುಗಳಲ್ಲಿ ಒಂದಕ್ಕೆ ಕರೆಂಟು ಕೊಡಬೇಕು, ಮುಗಿದಾಗ ತೆಗೆಯಬೇಕು. ಕರೆಂಟಿನ ಏರಿಳಿತ ತೋರಿಸುವ ಆಸಿಲೋಸ್ಕೋಪಿನ ಪರದೆಯಲ್ಲಿ ಆ ಕೆಲಸ ಒಂದು ದಿಬ್ಬದಂತೆ ಕಾಣುತ್ತದೆ. ದಿಬ್ಬದ ಅಗಲವೇ ಹೊತ್ತು. ನಾವು ದುರ್ಗದಲ್ಲಿ ಪ್ರೋಗ್ರಾಮಿನೊಳಗಿಂದಲೇ ಹೊತ್ತನ್ನು ಅಕ್ಷರದಲ್ಲಿ ಬರೆಸುತ್ತಿದ್ದೆವು. ಹಾಗೆ ಬರೆಯುವುದಕ್ಕೇ ಹೊತ್ತು ಹಿಡಿಯುತ್ತದೆಂದು, ಅಳತೆಯೇ ಅಳೆಯುವ ವಸ್ತುವನ್ನು ಬದಲಿಸುತ್ತದೆಂದು ಅವರು ಬೈಯದೆ ತೋರಿಸಿಕೊಟ್ಟರು. ಗೋಡೆಯ ಹಲಗೆಯ ಮೇಲೆ ಅಲ್ಲಿ ಯಾರೂ ಸರಾಸರಿ ಬರೆಯುವುದಿಲ್ಲ. ಆವತ್ತು ಕಂಡ ಅತಿ ಉದ್ದದ ಒಂದು ಹೊತ್ತನ್ನು ಮಾತ್ರ ಬರೆಯುತ್ತಾರೆ.

ಬುಧವಾರ

ಮೂರನೆಯ ದಿನ ನನ್ನ ಸರದಿ. ಬೋರ್ಡು ಮೇಜಿನ ಮೇಲಿಟ್ಟು ನಮ್ಮ ಅಳತೆಯ ಅಂದವಾದ ಪಟ್ಟಿ ತೋರಿಸಿದೆ. ಬ್ರಿಟಾ ತಲೆದೂಗಿ, “ಇದು ಟೈಪು ಮಾಡಿದ್ದು. ಕೈಯಲ್ಲಿ ಬರೆದಿದ್ದು ಇದೆಯೇ?” ಎಂದರು.

ನೋಟ್‌ಬುಕ್ಕು ಬ್ಯಾಗಿನಲ್ಲಿತ್ತು. ಶ್ರೀರಾಂಪುರದಲ್ಲಿ ಯಂತ್ರದ ಪಕ್ಕ ಕೂತು, ಅತ್ತೆ ಬಟ್ಟೆ ಸುತ್ತಿಕೊಟ್ಟ ಕೋಲನ್ನು ಬೆಳಕಿಗೆ ಅಡ್ಡ ಹಿಡಿದು, ಬ್ರೇಕ್ ಬೀಳುವವರೆಗಿನ ಹೊತ್ತನ್ನು ಮೀಟರಿನಲ್ಲಿ ನೋಡಿ ಸಾಲುಸಾಲಾಗಿ ಬರೆದಿದ್ದ ಪುಟಗಳು. ಹನ್ನೊಂದು, ಎಂಟು, ಹನ್ನೆರಡು, ಹದಿನಾಲ್ಕು. ಬ್ರಿಟಾ ಕನ್ನಡದ ಅಂಕಿಗಳನ್ನು ಕಲಿಯುತ್ತ ಬೆರಳು ಓಡಿಸಿದರು. ಆರನೆಯ ಪುಟದ ನಡುವೆ ಬೆರಳು ನಿಂತಿತು. ಅಲ್ಲೊಂದು ಸಾಲನ್ನು ನಾನು ಎರಡು ಗೆರೆ ಎಳೆದು ಹೊಡೆದು ಹಾಕಿದ್ದೆ.

“ಇದು ಎಷ್ಟು?”

“ನೂರ ನಲವತ್ತು. ಮೀಟರಿನ ತಪ್ಪು. ವೈರ್ ಸಡಿಲವಾಗಿರಬೇಕು.”

“ವೈರ್ ನೋಡಿದಿರಾ?”

ನೋಡಿರಲಿಲ್ಲ. ನೂರಾರು ಸರಿಯಾದ ಅಂಕಿಗಳ ನಡುವೆ ಒಂದು ಸೇರದ ಅಂಕಿ. ಹಿಂದುಮುಂದು ನೋಡದೆ ಹೊಡೆದು ಹಾಕಿದ್ದೆ. ಆ ಗಳಿಗೆಯಲ್ಲಿ ನನಗೆ ಇನ್ನೊಂದು ನೆನಪಾಯಿತು. ಅದೇ ಸಲ ಕೋಲಿನ ಬಟ್ಟೆಯ ಚುಂಗನ್ನು ಯಂತ್ರ ಎಳೆದುಕೊಂಡಿತ್ತು. ಪಕ್ಕದಲ್ಲಿದ್ದ ಅತ್ತೆ, ಈಗ್ಯಾಕೋ ತಡ ಆತು ಎಂದಿದ್ದರು. ಬಟ್ಟೆ ಸಡಿಲ ಸುತ್ತಿದ್ದೀರಿ ಎಂದು ನಾನು ಅವರ ಮೇಲೇ ಹಾಕಿದ್ದೆ.

ಇದನ್ನೆಲ್ಲ ಬ್ರಿಟಾಗೆ ಹೇಳಿದೆ. ಅವರು ನೋಟ್‌ಬುಕ್ಕನ್ನು ಮುಚ್ಚದೆ ನನ್ನ ಕಡೆ ತಿರುಗಿಸಿದರು.

“ನಾನೂ ಒಮ್ಮೆ ಕಾಗದದ ಕಾರ್ಖಾನೆಯೊಂದರಲ್ಲಿ ಹೀಗೆ ಹೊಡೆದು ಹಾಕಿದ್ದೆ. ನನ್ನ ಪುಣ್ಯ, ಹಾಳಾದದ್ದು ಕಾಗದದ ಒಂದು ಸುರುಳಿ ಮಾತ್ರ. ನಿಮ್ಮದು ಬಟ್ಟೆ ಮಾತ್ರ. ಯಂತ್ರ ಈಗ ಓಡುತ್ತಿದೆಯೇ?”

“ಸೋಮವಾರ ಶುರು.”

“ಹಾಗಾದರೆ ಮೊದಲು ಫೋನು ಮಾಡಿ. ಕಾಫಿ ಆಮೇಲೆ.”

ನಮ್ಮಲ್ಲಿ ಆಗ ಮಧ್ಯಾಹ್ನ. ಅತ್ತೆ ಫೋನೆತ್ತಿದಾಗ ಹಿಂದೆ ಹೆಂಗಸರ ಮಾತು ಕೇಳುತ್ತಿತ್ತು.

“ಅತ್ತೆ, ಸೋಮವಾರ ಯಂತ್ರ ಶುರು ಮಾಡ್ಬ್ಯಾಡ್ರಿ.”

“ಯಾಕೆ? ಉಣ್ಣೆ ತೊಳ್ದು ಒಣಗಿಸೀವಿ. ನೀನೇ ಸಹಿ ಹಾಕಿ ಕೊಟ್ಟಿದೀಯಲ್ಲ.”

“ಆ ಸಹಿ ತಪ್ಪು.”

ಅತ್ತೆ ಎದ್ದು ನಡೆದ ಸದ್ದು ಕೇಳಿತು. ಹೊರಗೆ ಬಂದಿರಬೇಕು, ಹೆಂಗಸರ ದನಿ ದೂರವಾಯಿತು.

“ಆವತ್ತು ಬಟ್ಟೆ ಎಳ್ಕಂಡಾಗ ತಡ ಆತು ಅಂದಿದ್ದೆ ನಾನು.”

“ಹೌದು.”

“ನೀನು ನಾನೇ ಸರಿಯಾಗಿ ಸುತ್ತಿಲ್ಲ ಅಂದೆ.”

“ಅಂದೆ ಅತ್ತೆ.”

“ಸರಿ ಬಿಡು. ಇವ್ರಿಗೆಲ್ಲ ನಾನು ಹೇಳ್ಕಂತೀನಿ. ಒಂದಿಬ್ರು ಬೈತಾರೆ, ಬೈಲಿ. ಕೈಲೇ ಹಿಂಜ್ತೀವಿ, ಇಷ್ಟು ವರ್ಷ ಹಿಂಜಿಲ್ವಾ. ನೀನು ಅದೇನು ಅಂತ ನೋಡ್ಕಂಡೇ ಬಾ.”

ಶನಿವಾರ, ಕುರಿಮನೆ

ಗುರುವಾರ, ಶುಕ್ರವಾರ ನಾವು ಆ ನೂರ ನಲವತ್ತನ್ನು ಹುಡುಕಿದೆವು. ಆವತ್ತು ಅಲ್ಲಿದ್ದದ್ದು, ಇಲ್ಲಿ ಇಲ್ಲದ್ದು ಏನು ಎಂದು ಬ್ರಿಟಾ ಕೇಳುತ್ತಾ ಹೋದರು. ಕರೆಂಟು ಏರಿಳಿಯುತ್ತಿತ್ತು ಎಂದರೆ ಕರೆಂಟನ್ನು ಏರಿಳಿಸಿದರು. ಸೆಖೆ ಇತ್ತು ಎಂದರೆ ಕೂದಲು ಒಣಗಿಸುವ ಯಂತ್ರ ತಂದು ಬೋರ್ಡನ್ನು ಬಿಸಿ ಮಾಡಿದರು. ವೈರ್ ಉದ್ದವಿತ್ತು ಎಂದರೆ ಕೋಣೆಯ ಸುತ್ತ ವೈರ್ ಎಳೆದರು. ಹದಿನೈದನ್ನು ದಾಟಲೇ ಇಲ್ಲ.

ಶನಿವಾರ ಅವರು ನನ್ನನ್ನು ಊರಾಚೆ ತಮ್ಮ ಗೆಳತಿಯ ಕುರಿಮನೆಗೆ ಕರೆದುಕೊಂಡು ಹೋದರು. ಹಿಮ ಕರಗುವವರೆಗೆ ಅಲ್ಲಿ ಕುರಿಗಳು ಹೊರಗೆ ಬರುವುದಿಲ್ಲ. ದಪ್ಪ ಹುಲ್ಲಿನ ಹಾಸಿಗೆಯ ಮೇಲೆ, ದೀಪದ ಕೆಳಗೆ ಮರಿ ಹಾಕುತ್ತವೆ. ನಮ್ಮ ಕುರಿಗಳು ತಿಂಗಳುಗಟ್ಟಲೆ ಊರೂರು ನಡೆಯುತ್ತವೆ, ಹೆದ್ದಾರಿಯಲ್ಲಿ ಲಾರಿಗಳೇ ನಿಂತು ದಾರಿ ಬಿಡುತ್ತವೆ ಎಂದರೆ ಗೆಳತಿ ನಂಬಲಿಲ್ಲ. ಫೋನಿನಲ್ಲಿ ಫೋಟೋ ತೋರಿಸಿದೆ. ಅವಳು ಬಹಳ ಹೊತ್ತು ನೋಡಿ, “ಇಷ್ಟು ಕುರಿಗೆ ಒಬ್ಬನೇ ಮನುಷ್ಯನೇ?” ಎಂದಳು. ನಾನು ಒಂದು ಕುರಿಯನ್ನು ಹಿಡಿದು ಬಾಯಿ ಬಿಡಿಸಿ ಹಲ್ಲು ನೋಡಿ ವಯಸ್ಸು ಹೇಳಿದ್ದನ್ನು ಕಂಡು ಅವಳಿಗೆ ನನ್ನ ಮೇಲೆ ಗೌರವ ಬಂತು. ಪ್ರಯೋಗಶಾಲೆಯಲ್ಲಿ ಆ ವಾರ ಕಳೆದುಕೊಂಡಿದ್ದ ಧೈರ್ಯದಲ್ಲಿ ಸ್ವಲ್ಪ ಭಾಗ ಅಲ್ಲಿ ವಾಪಸು ಸಿಕ್ಕಿತು.

ಅವಳಲ್ಲಿ ಹುಲ್ಲು ಕತ್ತರಿಸುವ ದೊಡ್ಡ ಯಂತ್ರವಿತ್ತು. ನಿಲ್ಲಿಸಲು ಕೆಂಪು ಹಗ್ಗ. ಯಂತ್ರ ಹಾಕಿದ ಕೂಡಲೇ ಹುಲ್ಲು ಕೊಡುವ ಮೊದಲು ಹಗ್ಗ ಎಳೆದು ನಿಲ್ಲಿಸಿ ನೋಡಿದಳು. ದಿನವೂ ಹೀಗೆಯೇ ಮಾಡುತ್ತಾಳಂತೆ. ಎಂದಾದರೂ ನಿಲ್ಲದೆ ಇದ್ದದ್ದುಂಟೇ ಎಂದು ಕೇಳಿದೆ. ಇಲ್ಲ, ಹದಿನೆಂಟು ವರ್ಷದಿಂದ ಒಮ್ಮೆಯೂ ಇಲ್ಲ ಎಂದಳು. ಮರುದಿನವೂ ಎಳೆದು ನೋಡುತ್ತಾಳೆ ಎನ್ನುವುದರಲ್ಲಿ ನನಗೆ ಅನುಮಾನವಿರಲಿಲ್ಲ. ಹೆಮ್ಮೆಯಿಲ್ಲದೆ, ಬೇಸರವಿಲ್ಲದೆ ಮಾಡುವ ಇಂಥ ಸಣ್ಣ ಕೆಲಸಗಳೇ ಆ ದೇಶದಲ್ಲಿ ನನಗೆ ಬಹಳ ಇಷ್ಟವಾದದ್ದು.

ಎರಡನೆಯ ಮಂಗಳವಾರ

ನಾಲ್ಕು ದಿನ ಉಳಿದಿದ್ದವು. ಬ್ರಿಟಾ, “ನಿಮಗೆ ಗೊತ್ತಿರುವುದನ್ನೆಲ್ಲ ಹೇಳಿದಿರಿ. ನಿಮಗೆ ಗೊತ್ತಿಲ್ಲದ್ದು ಯಾರಿಗೆ ಗೊತ್ತು?” ಎಂದರು. ನಾನು ತಿಪ್ಪೇಸ್ವಾಮಿಯವರಿಗೆ ಫೋನು ಮಾಡಿದೆ. ಕಾಲೇಜು ಮುಗಿಸಿ ಅವರು ರಾಮಗಿರಿಗೆ, ತಮ್ಮೂರಿಗೆ ಹೊರಟಿದ್ದರು.

“ತಿಪ್ಪೇಸ್ವಾಮಿಯವರೇ, ಶ್ರೀರಾಂಪುರದಲ್ಲಿ ಆವತ್ತು ಬೋರ್ಡಿಗೆ ಏನೇನು ಹಾಕಿದ್ವಿ, ಒಂದೂ ಬಿಡದೆ ಹೇಳ್ರಿ.”

“ಎಲ್ಲಾ ನಿಮ್ಮ ಮುಂದೇನೇ ಹಾಕಿದ್ದಲ್ರೀ ಮೇಡಂ. ಬೆಳಕಿಂದು, ತೂಕದ್ದು, ಬ್ರೇಕಿನ ವೈರು, ಕಾರ್ಡು.”

“ಹೊಸ ಕಾರ್ಡಲ್ವಾ?”

ಅವರು ತಡವರಿಸಿದರು. “ಹೊಸದು ಬಸ್ಸಾಗೆ ಎಲ್ಲೋ ಬಿದ್ದೋಗಿತ್ತು ಮೇಡಂ. ನನ್ನ ಹಳೇ ಫೋನಿಂದು ತೆಗ್ದು ಹಾಕ್ದೆ. ನಮ್ಮ ತಂಗಿ ಮದುವೆ ಫೋಟೋ ತುಂಬ್ಕಂಡಿದ್ವು ಅದ್ರಾಗೆ. ಕೆಲಸ ಮಾಡ್ತಲ್ಲ ಅಂತ ಹೇಳ್ಲಿಲ್ಲ. ಅದ್ರಿಂದ ಏನಾರ ಆತಾ?”

ಸ್ವೀಡನ್ನಿಗೆ ತಂದ ಬೋರ್ಡಿಗೆ ನಾನು ಹೊಸ ಕಾರ್ಡು ಹಾಕಿಕೊಂಡು ಬಂದಿದ್ದೆ. ಬ್ರಿಟಾಗೆ ಹೇಳಿದಾಗ ಅವರು ಎದ್ದುಹೋಗಿ, ತಮ್ಮ ಹಳೆಯ ಕ್ಯಾಮೆರಾದಿಂದ ಒಂದು ಕಾರ್ಡು ತಂದರು. ಅದರ ತುಂಬ ಅವರ ಮೊಮ್ಮಗಳ ಫೋಟೋ. ಕಾರ್ಡು ಹಾಕಿ, ಬರೆಯುವ ಕೆಲಸಕ್ಕೂ ಒಂದು ಕಾಲು ಗುರುತು ಮಾಡಿ, ಪರದೆಯ ಮುಂದೆ ಇಬ್ಬರೂ ಕೂತೆವು. ಹತ್ತು ಮಿಲಿಸೆಕೆಂಡಿಗೊಂದು ಸಣ್ಣ ದಿಬ್ಬ, ಬ್ರೇಕಿನ ಕೆಲಸದ್ದು. ಕೆಳಗೆ ಆಗಾಗ ಒಂದು ದಿಬ್ಬ, ಕಾರ್ಡಿನದು. ಮುಕ್ಕಾಲು ತಾಸು ಏನೂ ಆಗಲಿಲ್ಲ. ಮೂರರ ಕಾಫಿಗೆ ಎಲ್ಲರೂ ಎದ್ದು ಹೋದರು. ಬ್ರಿಟಾ ಏಳಲಿಲ್ಲ.

ಆಗ ಬಂತು. ಕಾರ್ಡಿನ ದಿಬ್ಬ ಪರದೆಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಹರಡಿಕೊಂಡಿತು. ಅದರ ಮೇಲೆ, ಬ್ರೇಕಿನ ದಿಬ್ಬಗಳಿರಬೇಕಾದಲ್ಲಿ, ಬರೀ ನೇರ ಗೆರೆ. ನೂರಕ್ಕೂ ಹೆಚ್ಚು ಮಿಲಿಸೆಕೆಂಡು ನಮ್ಮ ಕಾವಲು ಕಣ್ಣು ಮುಚ್ಚಿತ್ತು.

ತುಂಬಿದ ಕಾರ್ಡು ಹೊಸದನ್ನು ಬರೆಯುವ ಮುನ್ನ ಒಮ್ಮೊಮ್ಮೆ ಒಳಗೆ ಜಾಗ ಖಾಲಿ ಮಾಡಿಕೊಳ್ಳುತ್ತದೆ. ಹಾಗೆ ಮಾಡುವುದು ಕಾರ್ಡಿನ ತಪ್ಪಲ್ಲ. ಬರೆಯುವಾಗ ಬೇರೆ ಯಾವ ಕೆಲಸವೂ ಅಡ್ಡ ಬರಬಾರದೆಂದು ಬಾಗಿಲು ಹಾಕಿಕೊಳ್ಳುವ ಸಾಲೊಂದು ಪ್ರೋಗ್ರಾಮಿನಲ್ಲಿತ್ತು. ಅದನ್ನು ಬರೆದವಳು ನಾನು. ತಿಪ್ಪೇಸ್ವಾಮಿಯವರಿಗೆ ಮತ್ತೆ ಫೋನು ಮಾಡಿ ಅದನ್ನೇ ಹೇಳಿದೆ. ನಿಮ್ಮ ಹಳೇ ಕಾರ್ಡು ಇಲ್ಲದಿದ್ದರೆ ಯಂತ್ರ ವರ್ಷಗಟ್ಟಲೆ ಸರಿಯಾಗೇ ಓಡಿ, ಕಾರ್ಡು ತುಂಬಿದ ದಿನ ಯಾರದೋ ಕೈ ಹಿಡಿಯುತ್ತಿತ್ತು ಎಂದೆ. ಅವರು “ಅಯ್ಯೋ ಶಿವನೇ” ಎಂದರು.

ಕೊನೆಯ ಶುಕ್ರವಾರ

ಉಳಿದ ಮೂರು ದಿನ ಆ ಸಾಲು ಕಿತ್ತುಹಾಕಿ, ಬರೆಯುವ ಕೆಲಸವನ್ನು ಸರದಿಯ ಕೊನೆಗೆ ತಳ್ಳಿದೆವು. ಬ್ರೇಕಿನ ಕೆಲಸ ಮೂವತ್ತು ಮಿಲಿಸೆಕೆಂಡಿನೊಳಗೆ ಒಮ್ಮೆ ಹಾಜರಿ ಕೊಡದಿದ್ದರೆ, ಪ್ರೋಗ್ರಾಮನ್ನು ಕೇಳದೆ ತಾನೇ ಬ್ರೇಕ್ ಬೀಳಿಸುವ ಬೇರೆಯೇ ಗಡಿಯಾರವೊಂದನ್ನು ಜೋಡಿಸಿದೆವು. ಮೊಮ್ಮಗಳ ಫೋಟೋ ತುಂಬಿದ ಕಾರ್ಡಿನೊಂದಿಗೆ ಎರಡು ದಿನ ಬಿಡದೆ ಓಡಿಸಿದೆವು. ಅತಿ ಉದ್ದದ ಹೊತ್ತು ಹದಿನಾರು.

ವರದಿಯ ಕೊನೆಯಲ್ಲಿ ನಾನು ಸುರಕ್ಷಿತ ಎಂದು ಬರೆದೆ. ಬ್ರಿಟಾ ಆ ಪದದ ಕೆಳಗೆ ಗೆರೆ ಎಳೆದರು.

“ಇದನ್ನು ನಾವು ಅಳೆದಿಲ್ಲ. ಎಷ್ಟು ಸಲ ನೋಡಿದೆವು, ಯಾವ ಕಾರ್ಡಿನಲ್ಲಿ ನೋಡಿದೆವು, ಕಂಡದ್ದರಲ್ಲಿ ಉದ್ದದ್ದು ಎಷ್ಟು. ಅಷ್ಟು ಮಾತ್ರ ನಮಗೆ ಗೊತ್ತು.”

“ಇದನ್ನು ತೆಗೆದುಕೊಂಡು ಹೋಗಿ ಆ ಹೆಂಗಸರಿಗೆ ಏನೆಂದು ಹೇಳಲಿ?”

“ಇದನ್ನೇ ಹೇಳಿ. ಕುರಿ ಸಾಕುವವರಿಗೆ ಇಷ್ಟು ಅರ್ಥವಾಗುತ್ತದೆ.”

ಸ್ಟೇಷನ್ನಿಗೆ ಸೈಕಲ್ ತಳ್ಳಿಕೊಂಡು ಬಂದರು. ರೈಲು ಬಂದಾಗ ನನ್ನ ಕೈ ಹಿಡಿದು ಒಂದು ಸಲ ಅದುಮಿ ಬಿಟ್ಟರು. ಅವರ ಕಡೆ ಅದು ಬಹಳ ಹೆಚ್ಚಿನದೆಂದು ಅಷ್ಟರಲ್ಲಿ ನನಗೆ ತಿಳಿದಿತ್ತು.

ಶ್ರೀರಾಂಪುರ

ಬಂದ ಮೂರನೆಯ ದಿನ ತಿದ್ದಿದ ಬೋರ್ಡು ಕೂರಿಸಲು ತಿಪ್ಪೇಸ್ವಾಮಿಯವರೊಂದಿಗೆ ಶ್ರೀರಾಂಪುರಕ್ಕೆ ಹೋದೆ. ಹನ್ನೆರಡು ಹೆಂಗಸರೂ ಷೆಡ್ಡಿನಲ್ಲಿ ಕಾಯುತ್ತಿದ್ದರು. “ಬರ್ರಿ, ಕುಂತ್ಕಳ್ರಿ” ಎಂದರು, ಆದರೆ ದನಿ ಬಿಗಿಯಾಗಿತ್ತು. ಕೈಯಲ್ಲೇ ಉಣ್ಣೆ ಹಿಂಜಿ ಹಿಂಜಿ ಅವರ ಬೆರಳು ಕೆಂಪಾಗಿದ್ದವು. ನಾನು ನಿಂತುಕೊಂಡೇ ಆದದ್ದನ್ನೆಲ್ಲ ಹೇಳಿದೆ. ನಾನು ಅಂಕಿ ಹೊಡೆದು ಹಾಕಿದ್ದು, ಆ ಸಾಲು ಬರೆದವಳೂ ನಾನೇ ಎಂಬುದು, ಈಗ ಕಂಡದ್ದು ಹದಿನಾರು ಎಂಬುದು, ಅದಕ್ಕಿಂತ ಹೆಚ್ಚು ಎಂದೂ ಆಗದೆಂದು ನಾನು ಬರೆದುಕೊಡಲಾರೆ ಎಂಬುದು.

ಅತ್ತೆ ಯಂತ್ರದ ಪಕ್ಕ ನಿಂತು ಉರುಳೆಗಳನ್ನು ನೋಡಿದರು.

“ಲೇ ಸುಜಾತ, ಇಷ್ಟೆಲ್ಲ ಅಳ್ದು ಬಂದಿದೀಯ. ಈಗ ಇದನ್ನ ಓಡ್ಸಿ, ಎಲ್ಲರ ಮುಂದೆ ನಿನ್ನ ಕೈ ಹಾಕಿ ತೋರಿಸ್ತೀಯ?”

ಷೆಡ್ಡಿನಲ್ಲಿ ಎಲ್ಲರೂ ನನ್ನ ಕಡೆ ತಿರುಗಿದರು.

“ಇಲ್ಲ ಅತ್ತೆ” ಎಂದೆ. “ನಾನೂ ಹಾಕಲ್ಲ, ನೀವೂ ಯಾರೂ ಹಾಕ್ಬ್ಯಾಡ್ರಿ. ಕೈ ತಪ್ಪಿ ಹೋದ್ರೆ ನಿಲ್ಸಾಕೆ ಅಂತ ಐತೆ ಇದು. ಇದನ್ನ ನಂಬ್ಕಂಡು ಕೈ ಕೊಡಾಕಲ್ಲ.”

ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಪುಟ್ಟಿಯಿಂದ ತೊಳೆದ ಉಣ್ಣೆಯ ಒಂದು ಹಿಡಿ ಎತ್ತಿಕೊಂಡರು.

“ಹೋದ ಸಲ ಕೇಳಿದ್ರೆ ಹಾಕೇಬಿಡ್ತಿದ್ದೆ ನೀನು” ಎಂದರು. “ಈಗ ಸ್ವಿಚ್ ಹಾಕು. ಮಾಡಾಣ.”